ಖಾಲಿ ಕ್ಯಾನಿನ ಓಟ

ಮೊದಲ ದಿನ ನಾನು ಓಡಿದ್ದಕ್ಕೆ ಬಸ್ಸು ನಿಂತಿತು.

ಕೋಲಾರದಿಂದ ಕ್ಯಾಲನೂರಿಗೆ ಹೋಗುವ ಬೆಳಗಿನ ಮೊದಲ ಬಸ್ಸು ಅದು. ನಮ್ಮ ಮನೆ ಊರಿನ ಅಂಚಿನಲ್ಲಿ, ಆ ರಸ್ತೆಯ ಬದಿಗೇ ಇತ್ತು. ಬಸ್ಸು ಹಿಂದಿನಿಂದ ಬಂದು, ನನ್ನನ್ನು ದಾಟಿ, ಸ್ವಲ್ಪ ಮುಂದೆ ಹೋಗಿ ಕಿರ್ರೆಂದು ನಿಂತಿತು. ಕಂಡಕ್ಟರು ಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ ಕೈ ಬೀಸಿದ.

"ಬಾರಮ್ಮಾ, ಬಾ ಬಾ. ನಿಧಾನಕ್ಕೇ ಬಾ. ಬಿಟ್ಟು ಹೋಗಲ್ಲ."

ಒಳಗಿದ್ದವರೂ ಕಿಟಕಿಯಿಂದ ತಲೆ ಹಾಕಿ ನನಗಾಗಿ ಕಾಯುತ್ತಿದ್ದರು. ಒಬ್ಬಾಕೆ ಆಗಲೇ ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿ, ಅದರ ಮೇಲೆ ಕೈಯಿಟ್ಟು ಕಾದಿರಿಸಿದ್ದಳು. ನಾನು ಬಸ್ಸಿಗಾಗಿ ಓಡುತ್ತಿರಲಿಲ್ಲ, ಸುಮ್ಮನೆ ಓಡುತ್ತಿದ್ದೆ. ಆದರೆ ಐವತ್ತು ದಾಟಿದ, ಸೀರೆ ಉಟ್ಟು ಕುಂಕುಮ ಇಟ್ಟ ಹೆಂಗಸು ಬೆಳಗಾಗೆದ್ದು ಸುಮ್ಮನೆ ಓಡುತ್ತಿದ್ದಾಳೆ ಎಂದು ಇಡೀ ಬಸ್ಸಿಗೆ ಹೇಳುವುದಾದರೂ ಹೇಗೆ? ನಾನು ಓದಿದ್ದು ಚಿನ್ನದ ಗಣಿಯ ಕಡೆಯ ಒಂದು ಕಾನ್ವೆಂಟಿನಲ್ಲಿ. ಯಾರಾದರೂ ನಿಮಗಾಗಿ ಬಾಗಿಲು ಹಿಡಿದು ನಿಂತರೆ ವಂದನೆ ಹೇಳಿ ಒಳಗೆ ಹೋಗಬೇಕು ಎಂದು ಅಲ್ಲಿ ಕಲಿಸಿದ್ದರು. ಒಳಗೆ ಹೋಗುವ ಮನಸ್ಸಿಲ್ಲದಿದ್ದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ.

ವಂದನೆ ಹೇಳಿ ಹತ್ತಿದೆ. ಸೆರಗಿನ ಗಂಟು ಬಿಚ್ಚಿ ಕ್ಯಾಲನೂರಿಗೆ ಟಿಕೆಟ್ ತೆಗೆದುಕೊಂಡೆ. ಕ್ಯಾಲನೂರಿನಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಬಸ್ಸಿಳಿದು, ಒಂದು ಹುಣಸೆಮರದ ಕೆಳಗೆ ನಿಂತು, ಬೇರೆ ಬೇರೆ ದಿಕ್ಕಿಗೆ ಗಂಭೀರವಾಗಿ ನೋಡಿ, ಅದೇ ಬಸ್ಸು ತಿರುಗಿಕೊಂಡಾಗ ಅದರಲ್ಲೇ ವಾಪಸ್ಸು ಬಂದೆ.

"ಕೆಲಸ ಆಯ್ತಾ ಅಮ್ಮಾ?" ಎಂದ ಕಂಡಕ್ಟರು.

"ಆಯಿತಪ್ಪ."

ಮತ್ತೆರಡು ದಿನ ಬಿಟ್ಟು ಓಡಿದರೆ ಮತ್ತೆ ಅದೇ ಬಸ್ಸು, ಅದೇ ಕಿರ್ರು, ಅದೇ ಕೈ ಬೀಸಾಟ. ನಮ್ಮ ಕಡೆಯ ಜನರ ಒಳ್ಳೆಯತನಕ್ಕೆ ಕೊನೆಯೇ ಇಲ್ಲ. ಆ ಒಳ್ಳೆಯತನದಿಂದ ತಪ್ಪಿಸಿಕೊಂಡು ಓಡುವುದು ಹೇಗೆ ಎಂಬುದೇ ಆ ವರ್ಷ ನನ್ನ ದೊಡ್ಡ ಚಿಂತೆಯಾಯಿತು.

ಓಡುವ ಹುಚ್ಚು ಹತ್ತಿದ್ದು ಸಕ್ಕರೆ ಕಾಯಿಲೆಯಿಂದ. ಎಂಬತ್ತರ ದಶಕದ ಆರಂಭದ ಮಾತು ಇದು. ಶ್ರೀನಿವಾಸಪುರದಲ್ಲಿದ್ದ ನಾದಿನಿಯ ಮನೆಯಿಂದ ಮಾವಿನಹಣ್ಣಿನ ಬುಟ್ಟಿ ಬಂದಿತ್ತು. ಆ ಬೇಸಿಗೆಯಲ್ಲಿ ನಾನು ಎಷ್ಟು ಹಣ್ಣು ತಿಂದೆ ಎನ್ನುವುದಕ್ಕೆ ಹಿತ್ತಿಲಿನ ಗೊಬ್ಬರದ ಗುಂಡಿಯೇ ಸಾಕ್ಷಿ. ಬುಟ್ಟಿ ಮುಗಿಯುವ ಹೊತ್ತಿಗೆ ಬಾಯಾರಿಕೆ ಶುರುವಾಯಿತು. ಎಷ್ಟು ನೀರು ಕುಡಿದರೂ ಸಾಲದು. ನಮ್ಮ ಡಾಕ್ಟರು ವಯಸ್ಸಾದವರು, ಬೆರಳ ಸಂದಿಯಲ್ಲಿ ಸಿಗರೇಟು ಹಿಡಿದೇ ರೋಗಿಗಳಿಗೆ ಶಿಸ್ತು ಹೇಳುವವರು. ಪರೀಕ್ಷೆ ಮಾಡಿಸಿ, ಮಾತ್ರೆ ಬರೆದು, ಮನೆಯಲ್ಲೇ ನೋಡಿಕೊಳ್ಳಲು ಒಂದು ಗಾಜಿನ ಕೊಳವೆ, ಸ್ಪಿರಿಟ್ ದೀಪ, ಒಂದು ಬಾಟಲಿ ನೀಲಿ ಔಷಧ ತರಿಸಿಕೊಟ್ಟರು. ಕೊಳವೆಯಲ್ಲಿ ನೀಲಿ ಔಷಧಕ್ಕೆ ಕೆಲವು ತೊಟ್ಟು ಮೂತ್ರ ಹಾಕಿ ಕಾಯಿಸಬೇಕು. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ. ಹಳದಿ, ಕಿತ್ತಳೆ, ಕಡೆಗೆ ಇಟ್ಟಿಗೆಯ ಕೆಂಪು. ಇಟ್ಟಿಗೆ ಬಂತೆಂದರೆ ಮಂಗಳ ಹಾಡಬೇಕು.

ಈ ಪ್ರಯೋಗವನ್ನು ಬಚ್ಚಲಲ್ಲಿ ಮಾಡುತ್ತಿದ್ದೆ. ನಮ್ಮ ಅತ್ತೆಯವರಿಗೆ ಆಗ ಎಪ್ಪತ್ತು ದಾಟಿತ್ತು. ಅವರು ಮುಳಬಾಗಿಲು ತಾಲ್ಲೂಕಿನ ಆವನಿ ಕಡೆಯವರು, ಅರ್ಧ ಮಾತು ಕನ್ನಡ, ಅರ್ಧ ತೆಲುಗು, ಸೊಸೆಯನ್ನು ಕರೆಯುವುದೂ ತೆಲುಗಿನಲ್ಲೇ. ಬಚ್ಚಲ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದರು: "ಏಮೇ ಕೋಡಲಾ, ಇವತ್ತು ಯಾವ ಸೀರೆ?"

"ಕಿತ್ತಳೆ, ಅತ್ತೆ."

"ಥೂ, ನಿನ್ನೆ ಚಕ್ಕುಲಿ ಜೊತೆ ಇನ್ನೇನೋ ತಿಂದಿದೀಯ."

ತಿಂದಿರುತ್ತಿದ್ದೆ. ಸೊಸೆಯಾದರೆ ಸುಳ್ಳು ಹೇಳಬಹುದು, ಕೊಳವೆಗೆ ಸುಳ್ಳು ಬಾರದು.

ಡಾಕ್ಟರು ಹೇಳಿದ್ದು ಎರಡು ಮಾತು. "ದಿನಾ ನಡೀಬೇಕು. ಯುಗಾದಿ ಹೊತ್ತಿಗೆ ಇಳೀಲಿಲ್ಲ ಅಂದ್ರೆ ದಿನಾ ಸೂಜಿ. ಮತ್ತೆ ಪಾದ. ಮುಖ ನೋಡ್ಕೊಳ್ಳೋದಕ್ಕಿಂತ ಜಾಸ್ತಿ ಪಾದ ನೋಡ್ಕೊಳ್ಳಿ."

ಪಾದದ ವಿಷಯ ನನಗೆ ಅವರು ಹೇಳಬೇಕಾಗಿರಲಿಲ್ಲ. ಮಾಲೂರಿನಲ್ಲಿದ್ದ ನನ್ನ ಅಮ್ಮ ಇದೇ ಕಾಯಿಲೆಯಲ್ಲಿ ಬಲಗಾಲು ಕಳೆದುಕೊಂಡಿದ್ದರು. ಅಮ್ಮನ ತವರು ಮಾಸ್ತಿ. ಬಸ್ಸು ಬರುವುದು ತಡವಾದರೆ ಮಾಸ್ತಿಯಿಂದ ಮಾಲೂರಿಗೆ ನಡೆದೇ ಬಂದುಬಿಡುತ್ತಿದ್ದ ಹೆಂಗಸು. ಚಪ್ಪಲಿಯ ಪಟ್ಟಿ ಉಜ್ಜಿ ಆದ ಒಂದು ಸಣ್ಣ ಗಾಯ ಮಾಯಲೇ ಇಲ್ಲ. ಆಮೇಲಿನ ವರ್ಷಗಳೆಲ್ಲ ಜಗಲಿಯ ಕುರ್ಚಿಯಲ್ಲಿ. ಯಾರು ಮನೆಗೆ ಬಂದರೂ, ಕಾಫಿ ಕೊಡುವ ಮೊದಲೇ ಅಮ್ಮ ಕೇಳುತ್ತಿದ್ದ ಪ್ರಶ್ನೆ ಒಂದೇ: "ದಾರೀಲಿ ಏನೇನು ನೋಡ್ದೆ, ಹೇಳು." ಸುಮ್ಮನೆ "ಏನಿಲ್ಲಮ್ಮ" ಎಂದರೆ ಕೋಪ. ಯಾರ ಹೊಲದಲ್ಲಿ ರಾಗಿ ತೆನೆ ಬಾಗಿದೆ, ಯಾರ ಬಾಗಿಲಿಗೆ ಹೊಸ ಬಣ್ಣ, ಕೆರೆಯ ತೂಬಿನ ಹತ್ತಿರ ಯಾರು ಬಟ್ಟೆ ಒಗೆಯುತ್ತಿದ್ದರು, ಎಲ್ಲ ಬೇಕು. ಬಸ್ಸಿನಲ್ಲಿ ನಿದ್ದೆ ಮಾಡಿ ಬಂದ ದಿನ ನಾನು ಕಲ್ಪಿಸಿ ಹೇಳುತ್ತಿದ್ದೆ. ಅಮ್ಮನಿಗೆ ಗೊತ್ತಾಗಿಬಿಡುತ್ತಿತ್ತು. "ಆ ಹೊಲದಲ್ಲಿ ಈ ವರ್ಷ ರಾಗಿ ಎಲ್ಲಿ ಹಾಕಿದಾರೆ? ಟೊಮ್ಯಾಟೊ ಅಲ್ವಾ ಹಾಕಿರೋದು" ಎಂದು ಕುರ್ಚಿಯಲ್ಲಿ ಕೂತೇ ಹಿಡಿದುಬಿಡುತ್ತಿದ್ದರು. ಅಮ್ಮ ತೀರಿಹೋಗಿ ಆಗ ಕೆಲವು ವರ್ಷಗಳಾಗಿದ್ದವು. ಆ ಕುರ್ಚಿ ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗೇ ಇತ್ತು, ನನ್ನ ಅಳತೆಗೇ ಮಾಡಿಸಿಟ್ಟ ಹಾಗೆ.

ಹಾಗಾಗಿ ನಡೆದೆ. ನಡಿಗೆಯಂಥ ಬೇಸರದ ಕೆಲಸ ಇನ್ನೊಂದಿಲ್ಲ. ನಡೆಯುವವಳ ತಲೆ ಮನೆಯಲ್ಲೇ ಇರುತ್ತದೆ. ಹುಳಿಗೆ ಬೇಳೆ ಹಾಕಿದೆನೋ ಇಲ್ಲವೋ, ಹಾಲಿನ ಪಾತ್ರೆ ಮುಚ್ಚಿದೆನೋ ಇಲ್ಲವೋ. ಹೀಗೆ ಅರ್ಧ ಮನಸ್ಸಿನಲ್ಲಿ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ, ಇಟ್ಟಿಗೆಗೂಡಿನ ಹತ್ತಿರ ಒಂದು ಕಂದು ನಾಯಿ ಅಟ್ಟಿಸಿಕೊಂಡು ಬಂತು. ನಾನು ನೆರಿಗೆ ಎತ್ತಿ ಹಿಡಿದು ಓಡಿದೆ. ನಾಯಿ ತನ್ನ ಗಡಿ ಬಂದೊಡನೆ ನಿಂತಿತು. ನಾನು ನಿಲ್ಲಲಿಲ್ಲ.

ಹುಳಿಯ ಬೇಳೆ ತಲೆಯಿಂದ ಬಿದ್ದುಹೋಗಿತ್ತು. ಉಸಿರಿನ ಸದ್ದು, ಬಳೆಯ ಸದ್ದು, ಅಷ್ಟೇ. ಶಾಲೆಯಲ್ಲಿ ಆಟ ಆಡಿಸುತ್ತಿದ್ದ ಸಿಸ್ಟರ್ ನೆನಪಾದರು. "ಹುಡುಗಿಯರೇ, ಓಡಿ. ಆದರೆ ಓಡುತ್ತಿರುವ ಹಾಗೆ ಕಾಣಬೇಡಿ" ಎನ್ನುತ್ತಿದ್ದರು. ಅದು ಹೇಗೆಂದು ಅವರೂ ಮಾಡಿ ತೋರಿಸಿರಲಿಲ್ಲ. ನಾನು ಗೆದ್ದ ಒಂದೇ ಒಂದು ಬಹುಮಾನ ಬಾಯಲ್ಲಿ ಚಮಚ ಕಚ್ಚಿ ನಿಂಬೆಹಣ್ಣು ಬೀಳಿಸದೆ ಓಡಿದ್ದಕ್ಕೆ, ಒಂದು ಸೋಪಿನ ಡಬ್ಬಿ.

ಮಾರನೆಯ ದಿನ ಅಂಗಡಿಗೆ ಹೋಗಿ, ಡ್ರಿಲ್ಲಿನ ದಿನ ಚಾಕ್‌ಪೀಸು ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದಂಥದೇ ಕ್ಯಾನ್ವಾಸ್ ಶೂ ಕೊಂಡೆ. "ಮಗುವಿನ ಅಳತೆ ತಂದಿದೀರಾ ಅಮ್ಮಾ?" ಎಂದ ಅಂಗಡಿಯವನು. "ಮಗುವಿನ ಕಾಲು ನನ್ನಷ್ಟೇ ಇದೆ" ಎಂದೆ. ಶೂಗಳನ್ನು ಬಚ್ಚಲೊಲೆಯ ಸೌದೆಯ ಹಿಂದೆ ಅಡಗಿಸಿಟ್ಟೆ. ಬಸ್ಸು ನಿಂತದ್ದು ಅವನ್ನು ಹಾಕಿಕೊಂಡು ಓಡಿದ ಮೊದಲ ದಿನ.

ಓಡಬಾರದು ಎಂದು ಡಾಕ್ಟರು ಹೇಳಿರಲಿಲ್ಲ. ನಾನು ಓಡಬಹುದು ಎಂಬುದು ಅವರಿಗೆ ಹೊಳೆದೇ ಇರಲಿಲ್ಲ. ಇದು ನನಗೆ ಒಳ್ಳೆಯ ಸಮಜಾಯಿಷಿಯಾಗಿ ಒದಗಿತು.

ಬಸ್ಸಿನ ಕಾಟ ತಪ್ಪಿಸಲು ಬಸ್ಸಿಗಿಂತ ಬೇಗ ಹೊರಟೆ. ಆಗ ಎತ್ತಿನಗಾಡಿ ಸಿಕ್ಕಿತು. ಗಾಡಿಯ ಮುದುಕ ನನ್ನನ್ನು ಕಂಡದ್ದೇ ಎತ್ತು ನಿಲ್ಲಿಸಿ, ಕೆಳಗಿಳಿದು, ತಲೆಯ ಟವಲು ತೆಗೆದ.

"ಯಾರು ಹೋದ್ರಮ್ಮಾ?"

ನನಗೆ ಮಾತಾಡಲು ಉಸಿರಿರಲಿಲ್ಲ. ಏನೂ ಇಲ್ಲ, ಯಾರೂ ಇಲ್ಲ ಎನ್ನುವಂತೆ ಕೈ ಅಲ್ಲಾಡಿಸಿದೆ. ಏದುಸಿರು ಬಿಡುತ್ತಾ ಕೈ ಅಲ್ಲಾಡಿಸಿದ ಹೆಂಗಸನ್ನು ಕಂಡು ಆತ ಏನು ತಿಳಿಯಬೇಕೋ ಅದನ್ನೇ ತಿಳಿದ. "ಅಯ್ಯೋ ಶಿವನೇ, ಆಗೇ ಹೋಯ್ತಾ" ಎಂದು ಕಣ್ಣೊರೆಸಿಕೊಂಡ. ಗಾಡಿ ಊರ ಕಡೆಗೇ ಹೋಗುತ್ತಿತ್ತು.

ಬಿಸಿಲೇರುವ ಹೊತ್ತಿಗೆ ಹಿಂದಿನ ಬೀದಿಯ ಟೀಚರಮ್ಮ ಸೆರಗನ್ನು ಮೂಗಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಮನೆಗೆ ಹಿರಿಯರೆಂದರೆ ನಮ್ಮ ಅತ್ತೆ. ಹೋಗಿದ್ದರೆ ಅವರೇ ಹೋಗಿರಬೇಕೆಂದು ಬೀದಿ ಲೆಕ್ಕ ಹಾಕಿತ್ತು. ಅತ್ತೆ ಮೊರ ಮುಂದಿಟ್ಟುಕೊಂಡು ಜಗಲಿಯಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದರು.

"ಅಯ್ಯೋ ಅಜ್ಜೀ, ನೀವು ಇದೀರಾ!"

"ಇನ್ನೆಲ್ಲಿಗೆ ಹೋಗ್ಲಿ? ಅವರೆಕಾಯಿ ಕಾಲ ಮುಗೀಲಿ, ಆಮೇಲೆ ನೋಡೋಣ" ಎಂದರು ಅತ್ತೆ. ಟೀಚರಮ್ಮನ ಕೈಗೂ ಒಂದು ಹಿಡಿ ನೆನೆಸಿದ ಕಾಳು ಕೊಟ್ಟು ಹಿಸುಕಲು ಕೂರಿಸಿ, ಸಮಾಚಾರವನ್ನೆಲ್ಲ ಹಿಸುಕಿ ತೆಗೆದುಕೊಂಡರು.

ಅವರು ಹೋದ ಮೇಲೆ ನನ್ನನ್ನು ಕರೆದರು. "ಏನ್ ಕೋಡಲಾ, ನನ್ನನ್ನ ರಸ್ತೇಲಿ ಸಾಯಿಸಿ ಬಂದ್ಯಂತೆ?"

ಹೇಳದೆ ವಿಧಿಯಿರಲಿಲ್ಲ. ನಾಯಿ, ಬಸ್ಸು, ಕ್ಯಾಲನೂರಿನ ಹುಣಸೆಮರ, ಸೌದೆಯ ಹಿಂದಿನ ಶೂ, ಎಲ್ಲ ಹೇಳಿದೆ. ಅತ್ತೆ ಗಲ್ಲಕ್ಕೆ ಕೈ ಕೊಟ್ಟು ಕೇಳಿದರು. ನಗಲಿಲ್ಲ. "ಕೊಳವೆ ಏನನ್ನತ್ತೆ?" ಎಂದರು.

"ಓಡಿದ ದಿನ ಹಸಿರು, ಅತ್ತೆ. ನಿನ್ನೆ ನೀಲಿಯ ಹತ್ತಿರ ಬಂದಿತ್ತು."

"ಎಲ್ಲಿ, ಬಾವಿಯಿಂದ ತುಳಸಿ ಕಟ್ಟೆವರೆಗೂ ಓಡು, ನೋಡೋಣ."

ಹಿತ್ತಿಲಿನಲ್ಲಿ ಓಡಿ ತೋರಿಸಿದೆ.

"ಬಾತುಕೋಳಿ ಥರ ಓಡ್ತೀಯ. ಆದ್ರೂ ಪರವಾಗಿಲ್ಲ." ಜೊತೆಗೇ ತಂದಿದ್ದ ಮೊರವನ್ನು ಬಾವಿಕಟ್ಟೆಯ ಮೇಲಿಟ್ಟರು. "ನಿನ್ನ ತಪ್ಪು ಏನ್ ಗೊತ್ತಾ? ಬರೀ ಕೈಯಲ್ಲಿ ಓಡ್ತಿದೀಯ. ಬರೀ ಕೈಯಲ್ಲಿ ಓಡೋ ಹೆಂಗಸು ಅಂದ್ರೆ ಸಾವು, ಇಲ್ಲಾ ಬಸ್ಸು. ಕೈಯಲ್ಲೊಂದು ಹಾಲಿನ ಕ್ಯಾನು ಹಿಡ್ಕೋ. ಡೈರಿಗೆ ಹಾಲು ಹಾಕೋಕೆ ಓಡೋಳನ್ನ ಯಮ ಬಂದ್ರೂ ತಡೆಯಲ್ಲ ಕಣೇ. ಡೈರಿ ಬಾಗಿಲು ಹಾಕಿದ್ರೆ ಅವನೇನ್ ಕೊಂಡ್ಕೋತಾನಾ ಹಾಲು?"

ಅಟ್ಟದಿಂದ ಹಳೆಯ ಅಲ್ಯುಮಿನಿಯಂ ಕ್ಯಾನು ಇಳಿಯಿತು. ಮುಚ್ಚಳಕ್ಕೊಂದು ಸರಪಳಿ. ಖಾಲಿ ಕ್ಯಾನು ಠಣಠಣ ಎಂದು ಗುಟ್ಟು ಬಿಟ್ಟುಕೊಡಬಾರದೆಂದು ಅತ್ತೆಯೇ ಒಂದು ಹಳೆಯ ಬಟ್ಟೆ ತುರುಕಿದರು. ಮಾತ್ರೆ ನುಂಗಿ ಓಡುವವಳಿಗೆ ಸಕ್ಕರೆ ತೀರಾ ಇಳಿದು ತಲೆ ತಿರುಗಿದರೆ ಇರಲೆಂದು ಕಾಗದದಲ್ಲಿ ಸುತ್ತಿದ ಒಂದು ಉಂಡೆ ಬೆಲ್ಲವನ್ನೂ ನಾನು ಅದರೊಳಗೇ ಇಟ್ಟುಕೊಂಡೆ.

ಅತ್ತೆ ಹೇಳಿದ್ದು ಅಕ್ಷರಶಃ ನಿಜವಾಯಿತು. ಬಸ್ಸು ಹಾರ್ನ್ ಮಾಡಿ ಪಕ್ಕಕ್ಕೆ ಸರಿದು ಹೋಯಿತು. ಗಾಡಿಯ ಮುದುಕ ಎತ್ತನ್ನು ಬದಿಗೆಳೆದು, "ಓಡಮ್ಮಾ ಓಡು, ಬೀಗ ಹಾಕ್ಬುಡ್ತಾನೆ" ಎಂದು ಹುರಿದುಂಬಿಸಿದ. ಸೈಕಲ್ಲಿನವರು ಗಂಟೆ ಬಾರಿಸಿ ದಾರಿ ಬಿಟ್ಟರು. ಒಂದು ಕ್ಯಾನು ಹಿಡಿದದ್ದೇ ತಡ, ನಾನು ಹುಚ್ಚಿಯಲ್ಲ, ದುಃಖಿಯಲ್ಲ, ಸಂಸಾರ ತೂಗಿಸುವ ಮರ್ಯಾದಸ್ಥ ಹೆಂಗಸು. ಮನೆಯಲ್ಲಿ ನಮ್ಮ ಯಜಮಾನರು ಪತ್ರಿಕೆಯ ಮರೆಯಿಂದ ಒಮ್ಮೆ ಕೇಳಿದರು: "ಹಾಲು ಮನೆಗೇ ಬರತ್ತಲ್ಲ, ಅದ್ಯಾಕೆ ಕ್ಯಾನು?"

"ಹೆಪ್ಪಿಗೆ ಬೇರೆ ಹಾಲು ಬೇಕು ಕಣೋ" ಎಂದರು ಅತ್ತೆ.

"ಓಹೋ" ಎಂದು ಅವರು ಪುಟ ತಿರುಗಿಸಿದರು. ಹೆಪ್ಪಿನ ವಿಷಯದಲ್ಲಿ ಗಂಡಸರು ತಾಯಿಯನ್ನು ಪ್ರಶ್ನಿಸುವುದಿಲ್ಲ.

ಚಳಿ ಕಳೆಯುವ ಹೊತ್ತಿಗೆ ನಾನು ಇಟ್ಟಿಗೆಗೂಡು ದಾಟಿ, ಕೆರೆಯ ಏರಿ ದಾಟಿ, ಕ್ಯಾಲನೂರಿನ ದಾರಿಯಲ್ಲಿ ಅರ್ಧಕ್ಕಿಂತ ಮುಂದಿದ್ದ ಒಂದು ಹಳ್ಳಿಯವರೆಗೆ ನಿಲ್ಲದೆ ಓಡುತ್ತಿದ್ದೆ. ಆ ಹಳ್ಳಿಯಲ್ಲಿ ನಿಜವಾಗಿಯೂ ಒಂದು ಡೈರಿ ಇತ್ತು. ಅದರ ಮುಂದೆ ಕ್ಯಾನುಗಳ ಸಾಲು ಕಂಡದ್ದೇ ನಾನು ತಲೆ ತಗ್ಗಿಸಿ ದಾಟಿಹೋಗಿ, ಆಚೆಯ ನಿಲ್ದಾಣದಲ್ಲಿ ವಾಪಸ್ಸಿನ ಬಸ್ಸು ಹತ್ತುತ್ತಿದ್ದೆ.

ಹಳ್ಳಿಗೆ ಮೊದಲೇ, ಹಿಪ್ಪುನೇರಳೆ ತೋಟದ ಅಂಚಿಗೆ ಒಂಟಿ ಮನೆಯೊಂದಿತ್ತು. ಅಲ್ಲಿಯ ಹೆಂಗಸು ಪ್ರತಿದಿನ ನನ್ನನ್ನು ನೋಡುತ್ತಿದ್ದಳು. ಒಂದು ದಿನ ತಪ್ಪಲೆ ಹಿಡಿದು ರಸ್ತೆಗೇ ಅಡ್ಡ ಬಂದಳು.

"ಅಕ್ಕಾ, ನಿಂತ್ಕೊಳ್ಳಿ. ಮನೇಲಿ ರೇಷ್ಮೆಹುಳ ಹಣ್ಣಾಗ್ತಾ ಇದೆ, ಇವತ್ತೇ ಗೂಡು ಕಟ್ಟೋಕೆ ಬಿಡ್ಬೇಕು, ಬಿಟ್ಟು ಬರೋಂಗಿಲ್ಲ. ನೀವು ಹೆಂಗೂ ಓಡ್ತೀರಲ್ಲ, ನಮ್ದೂ ಒಂದಿಷ್ಟು ಹಾಕ್ಬುಡಿ."

ಬಾಗಿಲು ಹಿಡಿದವರಿಗೆ ಇಲ್ಲವೆನ್ನಲಾರದವಳು ಹಾಲು ಹಿಡಿದವಳಿಗೆ ಇಲ್ಲವೆನ್ನುತ್ತೇನೆಯೇ? ಹಿಂದೆ ತಿರುಗಿ ಬಟ್ಟೆಯನ್ನೂ ಬೆಲ್ಲವನ್ನೂ ಸೆರಗಿಗೆ ಸೇರಿಸಿ ಕ್ಯಾನು ಒಡ್ಡಿದೆ. ಅವಳು ಒಳಗೆ ಇಣುಕಿ, "ನಿಮ್ದು ಖಾಲಿ!" ಎಂದಳು. ನಾನು ನೋಡಿದೆ. ಅವಳೂ ನೋಡಿದಳು. ಮತ್ತೇನೂ ಕೇಳದೆ ಹಾಲು ಸುರಿದಳು. ಚಮಚದ ನಿಂಬೆಹಣ್ಣು ಆ ವಯಸ್ಸಿನಲ್ಲಿ ಉಪಯೋಗಕ್ಕೆ ಬಂತು. ಒಂದು ತೊಟ್ಟೂ ತುಳುಕದ ಹಾಗೆ ಒಯ್ದು ಅವಳ ಹೆಸರಿಗೆ ಹಾಕಿದೆ. ಆಮೇಲೆ ಹುಳ ಗೂಡು ಕಟ್ಟಿದರೂ, ಗೂಡು ಮಾರಾಟಕ್ಕೆ ಹೋದರೂ, ನನ್ನ ಹಾಲಿನ ಓಟ ನಿಲ್ಲಲಿಲ್ಲ.

ಯುಗಾದಿ ಹತ್ತಿರ ಬಂದಿತ್ತು. ಕೊಳವೆ ಬಹಳ ದಿನಗಳಿಂದ ನೀಲಿಯಲ್ಲೇ ಇತ್ತು. "ನೀಲಿ ಸೀರೆ ಹರಿದೋಗ್ಲಿ ಇನ್ನ, ದಿನಾ ಅದೇನಾ" ಎಂದು ಅತ್ತೆ ಹಿಗ್ಗುತ್ತಿದ್ದರು. ಎಲ್ಲ ಸರಿಯಾಗಿರುವಾಗಲೇ ಅಲ್ಲವೇ ಬೆಲ್ಲ ಕೈ ಕೊಡುವುದು.

ಆ ದಿನ ಕ್ಯಾನಿನಲ್ಲಿ ಬಟ್ಟೆ ಇರಲಿಲ್ಲ, ಬೆಲ್ಲದ ಪೊಟ್ಟಣ ತಳದಲ್ಲಿತ್ತು. ತೋಟದ ಮನೆಯಾಕೆಗೆ ಎಲ್ಲಿಗೋ ಹೋಗುವ ಆತುರ. ನಾನು ಬಂದು ನಿಂತು ಉಸಿರು ಎಳೆದುಕೊಳ್ಳುವುದರೊಳಗೆ ಕ್ಯಾನು ಕಿತ್ತುಕೊಂಡು, ಮುಚ್ಚಳ ತೆಗೆದು, ಬಗ್ಗಿಯೂ ನೋಡದೆ ಸುರಿದೇ ಬಿಟ್ಟಳು. ನಾನು ಒಂದು ಬೆರಳೆತ್ತಿದ್ದೆ. ಬೆರಳು ಅಲ್ಲೇ ಉಳಿಯಿತು. "ನಿಮ್ಮ ಹಾಲು ನನ್ನ ಬೆಲ್ಲದ ಮೇಲೆ ಬಿತ್ತು" ಎಂಬುದನ್ನು ಸಭ್ಯವಾಗಿ ಹೇಳುವ ರೀತಿ ನನಗೆ ಹೊಳೆಯಲಿಲ್ಲ. ಕಾಗದ ಸುತ್ತಿದೆಯಲ್ಲ, ಡೈರಿಯವರೆಗೆ ತಡೆದೀತು ಎಂದುಕೊಂಡು ಬೇಗ ಬೇಗ ಓಡಿದೆ. ಬೇಗ ಓಡಿದಷ್ಟೂ ಚೆನ್ನಾಗಿ ಕಡೆದ ಹಾಗೆ ಎಂಬುದು ತಲೆಗೆ ಹೋಗಲಿಲ್ಲ. ಆತುರದಲ್ಲಿ ಹಾಲು ತುಳುಕಿ ಎಡಗಾಲಿನ ಶೂ ಒಳಗೂ ಇಳಿಯಿತು.

ಡೈರಿಯ ಸೆಕ್ರೆಟರಿ ಹಾಲನ್ನು ಉದ್ದನೆಯ ಲೋಟಕ್ಕೆ ಬಗ್ಗಿಸಿ, ಹಾಲು ಗಟ್ಟಿಯೋ ನೀರೋ ಹೇಳುವ ಗಾಜಿನ ಕಡ್ಡಿ ಬಿಟ್ಟ. ನೀರು ಬೆರೆಸಿದರೆ ಅದು ಮುಳುಗುತ್ತದೆ. ಅವತ್ತು ಜಿಗಿದು ಮೇಲೆ ಬಂದು ನಿಂತಿತು.

"ಇದೇನಿದು, ಎದ್ದು ಕೂತ್ಕೊಂಡಿದೆ?" ಎಂದ. ಹಾಲಿಗೆ ಸ್ವಲ್ಪ ಕಾಫಿ ತೋರಿಸಿದಂಥ ಬಣ್ಣ. ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ. ಮುಖ ಒಂದು ಸಲ ಅರಳಿ, ಆಮೇಲೆ ಗಂಭೀರವಾಯಿತು. "ಬೆಲ್ಲ! ನೀರು ಹಾಕೋರನ್ನ ಕಂಡಿದೀನಿ. ಬೆಲ್ಲ ಹಾಕೋರನ್ನ ಇವತ್ತೇ ಕಂಡಿದ್ದು. ಯಾರ ಮನೆ ಹಾಲು ಇದು? ನಾಳೆಯಿಂದ ಅವರ ಹಾಲು ಬೇಡ."

ಸಾಲಿನಲ್ಲಿದ್ದವರೆಲ್ಲ ಕ್ಯಾನಿನೊಳಗೆ ಇಣುಕಿದರು. ಒದ್ದೆ ಕಾಗದದ ಚೂರು ತೇಲುತ್ತಿತ್ತು. ತೋಟದ ಮನೆಯಾಕೆಯ ಹಾಲು ನಿಂತುಹೋದರೆ ಏನು ಗತಿ? ಇನ್ನು ಸುಮ್ಮನಿರಲಾಗಲಿಲ್ಲ.

"ಬೆಲ್ಲ ನಂದು. ಅವರದೇನೂ ತಪ್ಪಿಲ್ಲ. ನನಗೆ ಸಕ್ಕರೆ ಕಾಯಿಲೆ. ಓಡುವಾಗ ತಲೆ ತಿರುಗಿದರೆ ಇರಲಿ ಅಂತ ಇಟ್ಟುಕೊಂಡಿದ್ದೆ."

"ಓಡೋದ್ಯಾಕೆ? ಹಾಲು ನಿಮ್ದಲ್ಲ ಅಂತೀರಿ."

"ಸುಮ್ಮನೆ ಓಡ್ತೀನಿ. ಕೋಲಾರದಿಂದ."

ಸಾಲಿನ ಕೊನೆಯಿಂದ ಒಬ್ಬ ಮುದುಕನ ದನಿ ಬಂತು: "ಸಕ್ಕರೆ ಕಾಯಿಲೆ ಇರೋಳು ಬೆಲ್ಲ ಹೊತ್ಕೊಂಡು, ಹಸು ಇಲ್ದೋಳು ಕ್ಯಾನು ಹಿಡ್ಕೊಂಡು, ಕೋಲಾರದಿಂದ ಓಡಿ ಬರ್ತಾಳಂತೆ. ಇನ್ನೇನ್ಲಾ ನೋಡ್ಬೇಕು ನಾವು?"

ಅಷ್ಟೇ. ಸೆಕ್ರೆಟರಿ ಮೇಜಿಗೆ ತಲೆ ಇಟ್ಟು ನಕ್ಕ. ಹೆಂಗಸರು ಒಬ್ಬರ ಭುಜ ಒಬ್ಬರು ಹಿಡಿದು ನಕ್ಕರು. ಅಷ್ಟರಲ್ಲಿ ತೋಟದ ಮನೆಯಾಕೆಯೂ ಬಸ್ಸಿಗೆಂದು ಅಲ್ಲಿಗೇ ಬಂದಳು. ವಿಷಯ ಕೇಳಿ, "ಅಯ್ಯೋ ಅಕ್ಕಾ, ನಮ್ಮ ಹಸೂನೇ ಕಬ್ಬು ಮೇದಿತ್ತು ಅಂದುಬಿಡೋದಲ್ವಾ" ಎಂದಳು. ಅವಳ ಹಾಲು ನಿಲ್ಲಲಿಲ್ಲ. ಬೆಲ್ಲದ ಹಾಲನ್ನು ನಾನು ಮನೆಗೆ ತಂದೆ, ಅತ್ತೆ ಪಾಯಸ ಮಾಡಿದರು. ನನಗೆ ಒಂದು ಚಮಚವೂ ಇಲ್ಲ.

ಪಾಯಸ ತಿಂದು ಲೋಟ ತೊಳೆಯಲು ಹಿತ್ತಿಲಿಗೆ ಹೋದ ಅತ್ತೆ ಶೂ ಹಿಡಿದು ಬಂದರು. ಅವರ ಮುಖದಲ್ಲಿ ಆಟವಿರಲಿಲ್ಲ. ಎಡ ಶೂವಿನ ಹಿಮ್ಮಡಿಯ ಜಾಗದಲ್ಲಿ ಕೆಂಪಾಗಿತ್ತು.

"ಕಾಲು ತೋರ್ಸು."

ಹಾಲಿನಲ್ಲಿ ನೆನೆದ ಕಾಲುಚೀಲ ಉಜ್ಜಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ನೋವಿರಲಿಲ್ಲ. ನೋವಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ನನ್ನ ಅಮ್ಮನ ಗಾಯವೂ ನೋಯುತ್ತಿರಲಿಲ್ಲ.

ಯಜಮಾನರಿಗೆ ಹೇಳಲೇಬೇಕಾಯಿತು. ಅವರು ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಪಕ್ಕಕ್ಕಿಟ್ಟರು. ನಾನು ಕಂಡಂತೆ ಓದುವುದು ಮುಗಿಯದ ಪತ್ರಿಕೆಯನ್ನು ಅವರು ಮಡಿಸಿದ್ದು ಅದೇ ಮೊದಲು.

"ಎಲ್ಲಿವರೆಗೂ ಓಡ್ತೀಯ?"

"ಕ್ಯಾಲನೂರಿನ ದಾರೀಲಿ ಅರ್ಧಕ್ಕಿಂತ ಜಾಸ್ತಿ."

"ಬಸ್ಸಲ್ಲಿ ಅಷ್ಟು ದೂರ ಹೋದ್ರೇ ನನಗೆ ಸುಸ್ತಾಗತ್ತೆ" ಎಂದರು. ಬೈಯಲಿಲ್ಲ. ಚಪ್ಪಲಿ ಮೆಟ್ಟಿ ಜಟಕಾ ತರಲು ಹೋದರು.

ಡಾಕ್ಟರು ಗಾಯ ನೋಡಿದರು. ಸಿಗರೇಟು ತಾನಾಗಿ ಆರಿತು. "ಯಾರಮ್ಮ ನಿಮಗೆ ಓಡು ಅಂದಿದ್ದು?"

"ನೀವು ಬೇಡ ಅನ್ನಲಿಲ್ಲ" ಎಂದೆ, ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ.

"ಡಾಕ್ಟ್ರೇ, ಕಾಲು ನೋಡೋದು ಬಿಟ್ಟು ಬಾಯಿ ನೋಡ್ತಾ ಇದೀರಲ್ಲ" ಎಂದರು ಅತ್ತೆ.

ಗಾಯ ತೊಳೆದು, ಕಟ್ಟು ಕಟ್ಟಿ, ಕಾಲು ನೆಲಕ್ಕೆ ಇಡಕೂಡದು ಎಂದು ಕಳಿಸಿದರು. ಯಜಮಾನರು ಜಗಲಿಗೆ ಒಂದು ಕುರ್ಚಿ ತಂದು ಹಾಕಿದರು. ಪ್ರೀತಿಯಿಂದಲೇ ಹಾಕಿದರು, ಬೆನ್ನಿಗೆ ದಿಂಬನ್ನೂ ಇಟ್ಟರು. ನಾನು ಅದರಲ್ಲಿ ಕೂರುವ ಮೊದಲು ಬಹಳ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

ಯುಗಾದಿ ಕುರ್ಚಿಯಲ್ಲೇ ಆಯಿತು. ಕೊಳವೆ ಹಸಿರಿಗೆ ತಿರುಗಿತು, ಆಮೇಲೆ ಹಳದಿಗೆ. ಅತ್ತೆ ಬಚ್ಚಲ ಬಾಗಿಲಲ್ಲಿ ಬಣ್ಣ ಕೇಳುವುದನ್ನು ಬಿಟ್ಟಿದ್ದರು. ಒಂದು ಮಧ್ಯಾಹ್ನ ತೋಟದ ಮನೆಯಾಕೆ ಒಂದು ಪಡವಲಕಾಯಿ ಹಿಡಿದು ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ಅವಳನ್ನು ಕಂಡದ್ದೇ ನನ್ನ ಬಾಯಿಂದ ಬಂದ ಮಾತು: "ದಾರೀಲಿ ಏನೇನು ನೋಡ್ದೆ, ಹೇಳು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳಿಗೇನೂ ಗೊತ್ತಾಗಲಿಲ್ಲ. "ನೋಡೋದೇನಕ್ಕಾ, ಅದೇ ರಸ್ತೆ" ಎಂದಳು. ಆಮೇಲೆ ಕಾಫಿ ಕುಡಿಯುತ್ತಾ, "ಆ ಗಾಡಿ ತಾತ ನಿಮ್ಮನ್ನೇ ಕೇಳ್ತಾ ಇರ್ತಾನೆ. 'ಆಯಮ್ಮನ ಹಸು ಬತ್ತಿಹೋಯ್ತೇನೋ, ಕಾಣಿಸ್ತಾ ಇಲ್ಲ' ಅಂತಾನೆ" ಎಂದಳು. ಅತ್ತೆ ಒಳಗಿನಿಂದಲೇ ನಕ್ಕರು. ಅಷ್ಟು ದಿನದ ಮೇಲೆ ಆ ನಗು ಕೇಳಿ ನನಗೆ ಅಳು ಬಂತು. ಅಳುತ್ತಲೇ ನಕ್ಕೆ. ಪಡವಲಕಾಯಿ ತಂದ ಆಕೆ ಗಾಬರಿಯಾಗಿ ಇಬ್ಬರನ್ನೂ ನೋಡಿದಳು.

ಗಾಯ ನಿಧಾನವಾಗಿ, ಬಹಳ ಬಿಗುಮಾನದಿಂದ, ಅಂಚಿನಿಂದ ಒಳಗೆ ಮಾಯಿತು. ಬಿಸಿಲು ಬಲಿತು, ಶ್ರೀನಿವಾಸಪುರದ ಬುಟ್ಟಿ ಮತ್ತೆ ಬರುವ ಹೊತ್ತಿಗೆ ಅಲ್ಲಿ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿತ್ತು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿದರು, ಒತ್ತಿ ನೋಡಿದರು, ರಕ್ತದ ಪರೀಕ್ಷೆಯ ಚೀಟಿ ನೋಡಿದರು.

"ಸೂಜಿ ಸದ್ಯಕ್ಕೆ ಬೇಡ. ಓಡಬೇಡಿ ಅಂದ್ರೆ ಕೇಳ್ತೀರಾ?"

"ಕೇಳ್ತಾಳೆ" ಎಂದರು ಅತ್ತೆ. "ಕೇಳಿಸ್ಕೊಂಡು ಓಡ್ತಾಳೆ."

ಡಾಕ್ಟರು ಸಿಗರೇಟು ಹಚ್ಚಿಕೊಂಡು ಷರತ್ತು ಹಾಕಿದರು. ಉಣ್ಣೆಯ ಕಾಲುಚೀಲ, ಒಂದು ಅಳತೆ ದೊಡ್ಡ ಶೂ, ಶೂ ಒದ್ದೆಯಾದರೆ ಆ ಕ್ಷಣ ನಿಲ್ಲುವುದು, ದಿನಾ ಸಂಜೆ ಕಣ್ಣು ಚೆನ್ನಾಗಿರುವ ಬೇರೆ ಯಾರಾದರೂ ಪಾದ ಪರೀಕ್ಷೆ ಮಾಡುವುದು. ಕೊನೆಯ ಕೆಲಸ ಯಜಮಾನರ ಪಾಲಿಗೆ ಬಂತು. ಕನ್ನಡಕ ಹಾಕಿಕೊಂಡು, ಟಾರ್ಚು ಬಿಟ್ಟು, ಬೆರಳುಗಳ ಸಂದಿಯನ್ನೆಲ್ಲ ಪತ್ರಿಕೆ ಓದುವ ಶ್ರದ್ಧೆಯಿಂದ ಓದುತ್ತಿದ್ದರು. "ಎಡಗಾಲಲ್ಲಿ ವಿಶೇಷ ಸಮಾಚಾರ ಏನೂ ಇಲ್ಲ" ಎಂದು ಪ್ರಕಟಿಸುತ್ತಿದ್ದರು. ಅತ್ತೆ ನಡುಮನೆಯಿಂದ, "ಬಲಗಾಲಿನ ಪುಟ ತಿರುಗ್ಸೋ" ಎನ್ನುತ್ತಿದ್ದರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ನನಗೆ ನೆನಪಿಲ್ಲ.

ಮತ್ತೆ ಓಡಿದ ಮೊದಲ ದಿನಗಳು ಇಟ್ಟಿಗೆಗೂಡಿನವರೆಗೆ ಮಾತ್ರ. ಆಮೇಲೆ ಕೆರೆಯ ಏರಿ, ಆಮೇಲೆ ಹಿಪ್ಪುನೇರಳೆ ತೋಟ. ಮಳೆ ಶುರುವಾಗುವ ಮುಂಚೆ ಒಂದು ಬೆಳಿಗ್ಗೆ, ಕ್ಯಾಲನೂರಿನವರೆಗೂ ಹೋಗಿಯೇ ಬಿಡೋಣ ಎನ್ನಿಸಿತು. ಕ್ಯಾನು ಅಟ್ಟದಲ್ಲೇ ಬಿಟ್ಟೆ. ಬೆಲ್ಲ ಸೆರಗಿನ ಗಂಟಿನಲ್ಲಿತ್ತು. ಡೈರಿಯ ಮುಂದಿನ ಸಾಲು ದಾಟುವಾಗ ಸೆಕ್ರೆಟರಿ ಕೈ ಎತ್ತಿದ, ನಾನೂ ಎತ್ತಿದೆ. ಅಲ್ಲಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಬಸ್ಸಿನ ಸದ್ದು. ದಾಟಿ ಹೋಯಿತು. ಕಿರ್ರೆಂದು ನಿಂತಿತು.

"ಬಾರಮ್ಮಾ, ಬಾ ಬಾ. ಕ್ಯಾನೆಲ್ಲಮ್ಮಾ ಇವತ್ತು?"

ಕಿಟಕಿಗಳ ತುಂಬ ತಲೆಗಳು. ಒಬ್ಬಾಕೆ ಆಗಲೇ ಜಾಗ ಮಾಡಿ ಕಾದಿದ್ದಳು. ನಾನು ಬಾಗಿಲವರೆಗೂ ಬಂದೆ. ಕಾಲು ನಿಲ್ಲಿಸಲಿಲ್ಲ.

"ವಂದನೆಗಳು ಕಣಪ್ಪಾ. ನಾನು ಸುಮ್ಮನೆ ಓಡ್ತಿದೀನಿ. ನೀನು ಹೋಗು."

ಅವನು ಡ್ರೈವರನ್ನು ನೋಡಿದ, ಡ್ರೈವರು ಅವನನ್ನು ನೋಡಿದ. "ಸುಮ್ನೆ ಓಡ್ತಾರಂತೆ ಕಣಯ್ಯಾ" ಎಂದು ಒಳಗೆ ಸಾರಿ, ಬಸ್ಸಿನ ಮೈಗೆ ಎರಡು ಸಲ ತಟ್ಟಿದ. "ರೈಟ್, ರೈಟ್!"

ಬಸ್ಸು ಹೋಯಿತು. ಹಿಂದಿನ ಗಾಜಿನಲ್ಲಿ ಮುಖಗಳು ಅಂಟಿಕೊಂಡೇ ಇದ್ದವು, ತಿರುವಿನವರೆಗೂ. ಅಲ್ಲಿಂದ ಕ್ಯಾಲನೂರಿನವರೆಗೆ ಎರಡು ಬಾವಿ, ಹೊಸದಾಗಿ ಸುಣ್ಣ ಬಳಿದ ಒಂದು ಮನೆ, ಟೊಮ್ಯಾಟೊ ಬುಟ್ಟಿ ಹೊತ್ತ ಹೆಂಗಸರು, ರಾಗಿಗೆ ಉತ್ತು ಬಿಟ್ಟ ಕೆಂಪು ಹೊಲ. ರಾಗಿಗೇ, ಟೊಮ್ಯಾಟೊಗಲ್ಲ, ನಿಂತು ಕೇಳಿಯೇ ಖಾತ್ರಿ ಮಾಡಿಕೊಂಡೆ.

ಕ್ಯಾಲನೂರಿನ ಹುಣಸೆಮರದ ಕೆಳಗೆ ಬಸ್ಸು ತಿರುಗಿಕೊಂಡು ನಿಂತಿತ್ತು. ಕಂಡಕ್ಟರು ಟೀ ಲೋಟ ಹಿಡಿದು ಬಾಗಿಲಿಗೆ ಒರಗಿದ್ದ. ನನ್ನನ್ನು ಕಂಡು ಲೋಟ ಕೆಳಗಿಟ್ಟು ಬಾಗಿಲು ಬಿಟ್ಟು ಸರಿದ.

"ಕೆಲಸ ಆಯ್ತಾ ಅಮ್ಮಾ?"

"ಆಯಿತಪ್ಪ" ಎಂದೆ. ಈ ಸಲ ಅದು ನಿಜವಾಗಿತ್ತು.